ಕೊನೆಯ ರೀಲು ಭದ್ರಾವತಿಯಲ್ಲಿ

ಶಿವಮೊಗ್ಗದಲ್ಲಿ ಅವರಿಬ್ಬರೂ ಬೇರೆಯಾಗುತ್ತಿದ್ದರು. ಭದ್ರಾವತಿಯಲ್ಲಿ ಒಂದಾಗುತ್ತಿದ್ದರು. ಅದೇ ಹುಡುಗ, ಅದೇ ಹುಡುಗಿ, ಅದೇ ಸಿನಿಮಾ. ಇದ್ದದ್ದೂ ಒಂದೇ ಪ್ರಿಂಟು. ನಡುವೆ ಇಪ್ಪತ್ತು ಕಿಲೋಮೀಟರ್ ರಸ್ತೆ, ಆ ರಸ್ತೆಯ ಮೇಲೆ ಹೊಗೆ ಕಾರುತ್ತ ಓಡುವ ಒಂದು ಟಿವಿಎಸ್ ಮೊಪೆಡ್ಡು.

ತೊಂಬತ್ತೆಂಟರ ಬೇಸಿಗೆಯ ಶುರು. ಸಿನಿಮಾದ ಹೆಸರು ‘ಮಲ್ಪೆ ಅಳಿಯ’. ಬಾದಾಮಿ ಕಡೆಯ ಗೌಡರ ಮಗಳು ನೀಲವ್ವ ಬ್ಯಾಂಕಿನ ಕೆಲಸ ಸಿಕ್ಕಿ ಉಡುಪಿಗೆ ಬರುತ್ತಾಳೆ. ಮಲ್ಪೆಯ ದೋಣಿ ಹುಡುಗ ಮಾಧವ ಖಾತೆ ತೆರೆಯಲು ಅವಳ ಕೌಂಟರಿನ ಮುಂದೆ ನಿಲ್ಲುತ್ತಾನೆ. ಅವಳಿಗೆ ಮೀನಿನ ವಾಸನೆ ಆಗದು, ಅವನಿಗೆ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದು. ಅವಳು ಮಾತಾಡಿದರೆ ಅವನಿಗೆ ಜಗಳಕ್ಕೆ ಬಂದ ಹಾಗೆ ಕೇಳುತ್ತದೆ, ಅವನು ಮಾತಾಡಿದರೆ ಅವಳಿಗೆ ಪಾಠದ ಪುಸ್ತಕ ಓದಿದ ಹಾಗೆ. ಥಿಯೇಟರು ನಕ್ಕೂ ನಕ್ಕೂ ಸುಸ್ತಾಗುತ್ತಿತ್ತು.

ಎರಡೂ ಊರಿನ ಥಿಯೇಟರಿನವರು ಸೇರಿ ಒಂದೇ ಪ್ರಿಂಟು ತರಿಸಿದ್ದರು. ಶಿವಮೊಗ್ಗದಲ್ಲಿ ಬೆಳಗಿನ ಆಟ ಮೊದಲು ಶುರು. ಅಲ್ಲಿ ಇಂಟರ್‌ವಲ್ ಬಿಟ್ಟ ಕೂಡಲೇ ಮೊದಲರ್ಧದ ರೀಲುಗಳ ತಗಡಿನ ಡಬ್ಬ ಮೊಪೆಡ್ಡಿನ ಹಿಂದೆ ಕೂತು ಭದ್ರಾವತಿಗೆ ಹೊರಡಬೇಕು. ಅಲ್ಲಿ ಅದು ಓಡುತ್ತಿರುವಾಗ ವಾಪಸ್ ಬಂದು ಉಳಿದರ್ಧವನ್ನು ಒಯ್ಯಬೇಕು. ಟಯರು ಪಂಕ್ಚರಾದರೆ ಒಂದು ಊರಿಗೆ ಊರೇ ಶಿಳ್ಳೆ ಹೊಡೆಯುತ್ತದೆ.

ಸಿನಿಮಾ ಬಂದ ಎರಡನೇ ವಾರಕ್ಕೆ ಶಿವಮೊಗ್ಗದಲ್ಲಿ ಸಮಾಜ ಹಿತರಕ್ಷಣಾ ಸಂಘ ಎಂಬ ಸಂಘ ಎದ್ದು ನಿಂತಿತು. ಕೊನೆಯ ರೀಲಿನಲ್ಲಿ ಹುಡುಗಿಯ ಅಪ್ಪ, ವಿಭೂತಿ ಧರಿಸಿದ ಗೌಡ, ಮೀನುಗಾರರ ಜಗುಲಿಯ ಮೇಲೆ ಕೂತು ಉಣ್ಣುತ್ತಾನಂತೆ! ಸಮಾಜದ ಮಾನ ಹೋಯಿತಂತೆ! ಹೆಣ್ಣುಮಕ್ಕಳನ್ನು ಕೇಳದೆ ಮದುವೆ ಮಾಡಿ ದಾಟಿಸುವಾಗ ಹೋಗದ ಮಾನ ಒಂದು ತುತ್ತಿಗೆ ಹೋಯಿತಂತೆ. ಥಿಯೇಟರಿನ ಮಾಲೀಕ ಹೆದರುಪುಕ್ಕಲ. ಕೊನೆಯ ರೀಲನ್ನೇ ಬಿಟ್ಟುಬಿಟ್ಟ. ನೀಲವ್ವ ಬಾದಾಮಿ ಬಸ್ಸು ಹತ್ತುತ್ತಾಳೆ, ಮಾಧವ ಬಸ್‌ಸ್ಟ್ಯಾಂಡಿನಲ್ಲಿ ಕಂಬ ಹಿಡಿದು ನಿಲ್ಲುತ್ತಾನೆ, ಬಸ್ಸು ಹೊರಡುತ್ತದೆ. ಅಲ್ಲಿಗೆ ಆಪರೇಟರ್ ಒಂದು ಸ್ಲೈಡ್ ಹಾಕುತ್ತಿದ್ದ: ‘ಶುಭಂ’. ಅಳುತ್ತಿರುವ ಹುಡುಗನ ಮುಖ ಆರಿದ ಮೇಲೆ ಶುಭಂ! ಶಿವಮೊಗ್ಗದ ಜನ ಕಣ್ಣೊರೆಸಿಕೊಂಡು ಸೈಕಲ್ ಸ್ಟ್ಯಾಂಡಿಗೆ ನಡೆಯುತ್ತಿದ್ದರು.

ಭದ್ರಾವತಿ ಥಿಯೇಟರಿನ ಮ್ಯಾನೇಜರ್ ಶಂಕರನಾರಾಯಣ ಮಾತ್ರ ಒಪ್ಪಲಿಲ್ಲ. “ನಮ್ಮಲ್ಲಿ ಒಂದೇ ಬೆಂಚಲ್ಲಿ ನಾಲ್ಕು ಭಾಷೆ ಕೂತಿರ್ತವೆ ಮಾರಾಯ. ಕಾರ್ಖಾನೆ ಊರು ಇದು. ಯಾರ ಸಂಘದ ಮಾತು ಅಂತ ಕೇಳ್ಲಿ? ಆ ರೀಲು ಇಲ್ಲೇ ಬಿದ್ದಿರ್ಲಿ ಬಿಡು,” ಎಂದು ಮೊಪೆಡ್ಡಿನ ಹುಡುಗನಿಗೆ ಹೇಳಿಬಿಟ್ಟ. ಅಂದಿನಿಂದ ಕೊನೆಯ ರೀಲು ಭದ್ರಾವತಿಯ ಕಾಯಂ ನಿವಾಸಿಯಾಯಿತು.

ಆ ಮೊಪೆಡ್ಡಿನವನ ಹೆಸರು ಧರ್ಮೇಂದ್ರ. ಅವನ ಅಪ್ಪ ಕಬ್ಬಿಣದ ಕಾರ್ಖಾನೆಯ ಕುಲುಮೆಯಲ್ಲಿ ಬೆಂದು, ವಾರದ ರಜೆಯನ್ನು ಹಿಂದಿ ಸಿನಿಮಾದಲ್ಲಿ ತಣಿಸಿಕೊಳ್ಳುತ್ತಿದ್ದ ಮನುಷ್ಯ. ಮಗನಿಗೆ ಹೆಸರು ಬಂದದ್ದು ಅಲ್ಲಿಂದ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಅವನ ಜಾತಿಯ ಹೆಸರನ್ನು ಶಿವಮೊಗ್ಗದ ದೊಡ್ಡ ಮನೆಗಳಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ‘ಅವರು’ ಎಂದರೆ ಸಾಕಾಗುತ್ತಿತ್ತು. ಆ ಮೂರಕ್ಷರದಲ್ಲಿ ಒಂದು ಇಡೀ ಊರಾಚೆಯ ಕೇರಿಯೇ ಇತ್ತು.

ಸೌಂದರ್ಯ ಶಿವಮೊಗ್ಗದ ರವೀಂದ್ರನಗರದ ಹುಡುಗಿ. ಭದ್ರಾವತಿಯ ಹೈಸ್ಕೂಲಿನಲ್ಲಿ ಟೀಚರ್. ಹೋದ ವರ್ಷ ಅವಳ ಬಸ್ಸು ಮಾಚೇನಹಳ್ಳಿಯ ವರ್ಕ್‌ಶಾಪುಗಳ ಎದುರು ಕೆಟ್ಟು ನಿಂತಾಗ, ಹತ್ತನೇ ತರಗತಿಯ ಮಧ್ಯಾಹ್ನದ ಪರೀಕ್ಷೆಗೆ ಹೊತ್ತಾಗುತ್ತಿದೆಯೆಂದು ರಸ್ತೆಗೆ ಅಡ್ಡ ಬಂದು ಮೊಪೆಡ್ಡನ್ನು ತಡೆದವಳು ಅವಳೇ.

“ಹಿಂದೆ ಜಾಗ ಇಲ್ಲ ಮೇಡಂ, ಡಬ್ಬ ಇದೆ,” ಎಂದ ಧರ್ಮೇಂದ್ರ.

“ಡಬ್ಬ ನನ್ನ ತೊಡೆ ಮೇಲಿರ್ಲಿ. ನಡೀರಿ.”

“ಭಾರ ಇದೆ ಮೇಡಂ.”

“ಮೂವತ್ತೈದು ಮಕ್ಕಳ ಪರೀಕ್ಷೆಗಿಂತಲೂ ಭಾರನಾ?”

ಹಾಗೆ ಇಂಟರ್‌ವಲ್ ತನಕದ ಯಾವುದೋ ಕತೆಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಭದ್ರಾವತಿ ಸೇರಿದಳು. ಮರುವಾರ ಬಸ್ಸು ಕೆಡದಿದ್ದರೂ ಮಾಚೇನಹಳ್ಳಿಯಲ್ಲಿ ಇಳಿದಳು. ವರ್ಷ ಕಳೆಯುವಷ್ಟರಲ್ಲಿ ಮೇಡಂ ಹೋಗಿ ‘ಮಾರಾಯ್ತಿ’ ಬಂದಿತ್ತು.

ಬಚ್ಚಿಡುವ ಜಾಯಮಾನ ಸೌಂದರ್ಯಳದಲ್ಲ. ಅಪ್ಪನ ಮುಂದೆ ನೇರವಾಗಿ ನಿಂತು ಹೇಳಿದಳು. ಅಪ್ಪ ಏಕಾಂತಪ್ಪನವರಿಗೆ ಬಿ.ಎಚ್. ರಸ್ತೆಯಲ್ಲಿ ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ಬೆಳಗ್ಗೆ ಪೂಜೆ, ಹಣೆ ತುಂಬ ವಿಭೂತಿ, ಗೋಡೆಯ ಮೇಲೆ ಬಸವಣ್ಣನ ಪಟ. ಎಲ್ಲಿಗೆ ಹೋದರೂ ಕೈಯಲ್ಲಿ ಹೆಂಡತಿ ಕಟ್ಟಿಕೊಟ್ಟ ಸ್ಟೀಲಿನ ಊಟದ ಡಬ್ಬಿ. ಹೊರಗಿನವರ ಮನೆಯಲ್ಲಿ ನೀರು ಕುಡಿಯುವುದೂ ಅಪರೂಪ.

“ಯಾವ ಪೈಕಿ?” ಎಂದಷ್ಟೇ ಕೇಳಿದರು.

ಸೌಂದರ್ಯ ಹೇಳಿದಳು.

“ಮುಗೀತು. ನಿನ್ನ ಹೆಣ ಬೇಕಾದ್ರೆ ನೋಡ್ತೀನಿ, ಅವರ ಮನೆ ಹೊಸಲು ನೋಡಲ್ಲ.”

“ಆ ಪಟದಲ್ಲಿರೋರು ಮಾಡಿಸಿದ ಮದುವೆ ಯಾರದ್ದು ಅಪ್ಪಾಜಿ?”

“ಅದು ಪಟದಲ್ಲಿ ಕಣಮ್ಮಾ!”

ಹುಡುಗನ ಹೆಸರು ಕೇಳಲಿಲ್ಲ, ಮುಖ ನೋಡಲಿಲ್ಲ. ಚನ್ನಗಿರಿಯ ಸಂಬಂಧ ಗೊತ್ತುಮಾಡಿದರು. ಬರುವ ಭಾನುವಾರ ಗಂಡಿನ ಕಡೆಯವರು ಹೂವು, ಸೀರೆ ತಂದು ನಿಶ್ಚಯ ಮಾಡಿ ಹೋಗುವುದೆಂದಾಯಿತು. ಅಷ್ಟರೊಳಗೆ ಅಪ್ಪನ ಬಾಯಿಂದಲೇ ‘ಬೇಡ’ ಹೊರಡಬೇಕು. ಓಡಿಹೋಗಲು ಸೌಂದರ್ಯ ತಯಾರಿರಲಿಲ್ಲ. “ಕಳ್ಳರ ಹಂಗೆ ಯಾಕೆ ಹೋಗ್ಬೇಕು ಧರ್ಮ? ನಾವೇನು ಕದ್ದಿದೀವಿ?” ಎಂಬುದು ಅವಳ ಹಟ.

ಇಲ್ಲಿಯೇ ಒಂದು ವಿಚಿತ್ರ ನಡೆಯಿತು.

ಸಂಘದ ಅರ್ಜಿಗೆ ಸಹಿ ಹಾಕಿದವರಲ್ಲಿ ಏಕಾಂತಪ್ಪನವರೂ ಒಬ್ಬರು. ಹೊಳಲೂರಿನ ಗಿರಾಕಿಯ ಹತ್ತಿರ ಪೈಪಿನ ದರಕ್ಕೆ ಹಗ್ಗಜಗ್ಗಾಟ ನಡೆಸುತ್ತ, ಓದದೆ, ಸಿನಿಮಾವನ್ನೂ ನೋಡದೆ ಸಹಿ ಹಾಕಿದ್ದರು. ಅರ್ಜಿ ತಂದವನು ಅವರ ಮಗನೇ, ಸಂಘದ ಯುವಕರ ಮುಂದಾಳು ರೇಣುಕಾಪ್ರಸಾದ್. ರೀಲು ನಿಜವಾಗಿಯೂ ತೆಗೆದರೋ ಇಲ್ಲವೋ ನೋಡಿಕೊಂಡು ಬರಲು ಹಿರಿಯರೊಬ್ಬರು ಬೇಕಿತ್ತು. ಏಕಾಂತಪ್ಪ ಹೋದರು. ತಪಾಸಣೆಗೆಂದು ಹೋದವರು ಇಂಟರ್‌ವಲ್ಲಿನ ಹೊತ್ತಿಗೆ ಶಲ್ಯದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನೀಲವ್ವ ರೊಟ್ಟಿ ತಟ್ಟಲು ಹೋಗಿ ಮಾಧವನ ತಾಯಿಯ ಮೀನು ಹುರಿಯುವ ಕಾವಲಿಯನ್ನೇ ಒಲೆಗೆ ಏರಿಸುವ ದೃಶ್ಯಕ್ಕೆ ಅವರು ನಕ್ಕ ನಗುವಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರಂತೆ. ಮೂರು ದಿನ ಬಿಟ್ಟು ಮತ್ತೆ ಹೋದರು. ಆಮೇಲೆ ಮತ್ತೊಮ್ಮೆ.

ಶುಕ್ರವಾರ ಊಟಕ್ಕೆ ಕೂತಾಗ ಅವರ ತಲೆಯಲ್ಲಿ ಅದೇ ಬಸ್‌ಸ್ಟ್ಯಾಂಡು.

“ಅಲ್ಲ ದಾಕ್ಷಾಯಣಿ, ಬಸ್ಸು ಇನ್ನೂ ಗೇಟು ದಾಟಿರಲ್ಲ. ಅವಳು ಇಳಿದುಬಿಡಬಹುದಿತ್ತು. ಅಷ್ಟು ಪ್ರೀತಿ ಇಟ್ಕೊಂಡು ಹಂಗೇ ಹೋಗಿಬಿಡೋದಾ? ಕರುಳು ಚುರುಕ್ ಅನ್ನುತ್ತೆ.”

ಹೆಂಡತಿ ದಾಕ್ಷಾಯಣಿ ಸಾರು ಬಡಿಸುತ್ತ, “ಇಳಿದಿದ್ರೆ ನೀವೇ ಹೋಗಿ ಮತ್ತೆ ಹತ್ತಿಸಿ ಬರ್ತಿದ್ರಿ,” ಎಂದರು.

“ನಾನ್ಯಾಕೆ ಹತ್ತಿಸ್ಲಿ? ನಾನೇನು ರಾಕ್ಷಸನಾ?”

ಸೌಂದರ್ಯ ತಟ್ಟೆಯಿಂದ ತಲೆ ಎತ್ತಿದಳು. “ಅವಳು ಇಳೀತಾಳೆ ಅಪ್ಪಾಜಿ. ಭದ್ರಾವತೀಲಿ.”

“ಏನಂದೆ?”

“ಅಲ್ಲಿ ಕೊನೇ ರೀಲು ಹಾಕ್ತಾರೆ. ನೀವೆಲ್ಲ ಸಹಿ ಹಾಕಿ ತೆಗೆಸಿದ್ರಲ್ಲ, ಅದೇ.”

ಏಕಾಂತಪ್ಪ ತುತ್ತನ್ನು ತಟ್ಟೆಗೆ ಹಾಕಿದರು. “ನಾನು ತೆಗೆಸಿದ್ದು ಉಣ್ಣೋದನ್ನ. ಇಳಿಯೋದನ್ನಲ್ಲ.”

“ಎರಡೂ ಒಂದೇ ರೀಲಲ್ಲಿದೆ ಅಪ್ಪಾಜಿ.”

ದಾಕ್ಷಾಯಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದರು. ಏಕಾಂತಪ್ಪ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡರು. ಆಮೇಲೆ, ಪಕ್ಕದ ಕೋಣೆಯಲ್ಲಿದ್ದ ಮಗನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ, “ನಾಳೆ ನಿನಗೆ ಅರ್ಧ ದಿನ ತಾನೇ ಸ್ಕೂಲು? ನನಗೂ ಭದ್ರಾವತೀಲಿ ಸ್ವಲ್ಪ ವ್ಯಾಪಾರದ ಕೆಲಸ ಇದೆ,” ಎಂದರು.

ಶನಿವಾರ ಮಧ್ಯಾಹ್ನ ಭದ್ರಾವತಿಯ ಥಿಯೇಟರು ಭರ್ತಿ. ಪಾಳಿ ಮುಗಿಸಿ ನೇರ ಬಂದ ಕಾರ್ಖಾನೆಯವರು, ಸಂತೆಗೆ ಬಂದ ಹೆಂಗಸರು, ಎಳೆ ಕೂಸು, ಕಡಲೆಕಾಯಿ ಸಿಪ್ಪೆ. ಏಕಾಂತಪ್ಪ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಗೊತ್ತಿದ್ದವರು ಯಾರಾದರೂ ಇದ್ದಾರೆಯೇ ಎಂದು ಕತ್ತು ತಿರುಗಿಸುತ್ತ ಬಾಲ್ಕನಿಯ ತುದಿಯಲ್ಲಿ ಕೂತರು. ಮೊದಲರ್ಧ ಓಡಿತು. ನಗು ಬರುವ ಮೊದಲೇ ನಗುತ್ತಿದ್ದರು, ಮುಂದಿನದು ಬಾಯಿಪಾಠ. ಪಕ್ಕದಲ್ಲಿ ಸೌಂದರ್ಯ ಮಾತ್ರ ಹೊರಗಿನ ಮೊಪೆಡ್ಡಿನ ಸದ್ದಿಗೆ ಕಿವಿಗೊಟ್ಟಿದ್ದಳು. ಸಿನಿಮಾ ಮುಗಿದ ಮೇಲೆ ಧರ್ಮನನ್ನು ಅಪ್ಪನ ಮುಂದೆ ನಿಲ್ಲಿಸುವುದು, ಅಷ್ಟೇ ಅವಳ ಲೆಕ್ಕ.

ಇಂಟರ್‌ವಲ್ ಆಯಿತು. ಜನ ಟೀ ಕುಡಿದು ಬಂದರು. ದೀಪ ಆರಲಿಲ್ಲ. ಶಿಳ್ಳೆ ಶುರುವಾಯಿತು. ಅಂತೂ ಪರದೆಯ ಮುಂದೆ ಮೈಕು ಹಿಡಿದು ಬಂದವನು ಮ್ಯಾನೇಜರ್ ಶಂಕರನಾರಾಯಣ, ಮುಖ ಕೆಂಪಗಾಗಿತ್ತು.

“ಎಲ್ಲರೂ ಕ್ಷಮಿಸಬೇಕು. ನಮ್ಮ ಹುಡುಗ ಈಗ ಫೋನ್ ಮಾಡಿದ್ದ. ಮಾಚೇನಹಳ್ಳಿ ಹತ್ರ ಯಾರೋ ಸಂಘದವರು ಅಡ್ಡ ಹಾಕಿ ರೀಲಿನ ಡಬ್ಬ ಕಿತ್ಕೊಂಡು ಹೋಗಿದ್ದಾರೆ. ಕೊನೇ ರೀಲು ಅದ್ರಲ್ಲಿದೆ ಅಂದ್ಕೊಂಡಿದ್ರಂತೆ. ಅದು ನಮ್ಮ ಹತ್ರಾನೇ ಇದೆ. ಆದ್ರೆ ನಡುವಿನದು ಇಲ್ಲ. ಕೌಂಟರಲ್ಲಿ ದುಡ್ಡು ವಾಪಸ್ ಕೊಡ್ತೀವಿ.”

“ದುಡ್ಡು ಯಾವನಿಗೆ ಬೇಕು? ಕತೆ ಕೊಡಯ್ಯಾ!”

“ಎನ್ನಾ ಸಾರ್ ಇದು!”

“ರೀಲು ಕಿತ್ಕೊಂಡೋರ ಮೀಸೆ ಕೀಳ್ಬೇಕು, ನಡೀರ್ರೋ ಮಾಚೇನಹಳ್ಳಿಗೆ!”

ಮಾಚೇನಹಳ್ಳಿ ಎಂದ ಕೂಡಲೇ ಸೌಂದರ್ಯ ಎದ್ದು ನಿಂತಿದ್ದಳು. ಧರ್ಮನಿಗೆ ಏನಾಯಿತು? ಬಾಗಿಲ ಕಡೆ ಓಡಬೇಕೆನ್ನುವಷ್ಟರಲ್ಲಿ ಪಕ್ಕದಿಂದ ಸಿಡಿಲು ಹೊಡೆದ ಹಾಗೆ ಒಂದು ದನಿ ಎದ್ದಿತು.

“ಕೊನೇ ರೀಲು ಇದೆ ಅಂದ್ಯಲ್ಲಯ್ಯಾ! ಹಾಕು ಅದನ್ನ!”

ಅವಳ ಅಪ್ಪ. ಬಾಲ್ಕನಿಯ ಕಂಬಿ ಹಿಡಿದು ಬಾಗಿದ್ದಾರೆ.

ಕೆಳಗಿನಿಂದ ಯಾರೋ ಕೂಗಿದರು. “ನಡುವಿನ ಕತೆ ಯಾರು ಹೇಳ್ತಾರೆ ಯಜಮಾನ್ರೇ, ನಿಮ್ಮ ತಾತನಾ?”

“ನಾನು ಹೇಳ್ತೀನಿ ಕಣಯ್ಯಾ! ಮೂರು ಸಲ ನೋಡಿದೀನಿ!”

ಥಿಯೇಟರು ಹೋ ಎಂದಿತು. “ಕರ್ಕೊಂಡು ಬನ್ರೋ ಅವರನ್ನ!” ನಾಲ್ಕಾರು ಕೈಗಳು ಏಕಾಂತಪ್ಪನವರನ್ನು ಮೆಟ್ಟಿಲಿಳಿಸಿ, ಬೆಂಚುಗಳ ನಡುವೆ ದಾಟಿಸಿ, ಪರದೆಯ ಮುಂದೆ ನಿಲ್ಲಿಸಿದವು. ಯಾರು ಮುಟ್ಟಿದರು, ಯಾವ ಪೈಕಿಯವರು ಮುಟ್ಟಿದರು? ಅಂದು ಮೊದಲ ಬಾರಿಗೆ ಅವರು ಕೇಳಲಿಲ್ಲ. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಮೈಕು.

ಶುರುವಿಗೆ ಪಂಪ್‌ಸೆಟ್ಟಿನ ಗುಣ ವಿವರಿಸುವ ದನಿ. “ಏನಪ್ಪಾ ಅಂದ್ರೆ, ಇಂಟರ್‌ವಲ್ ಆದ್ಮೇಲೆ ಹುಡುಗಿ ಅಪ್ಪ ಗೌಡ ಇದ್ದಾನಲ್ಲ, ಅವನು ಉಡುಪಿಗೆ ಬರ್ತಾನೆ. ರೊಟ್ಟಿ ಗಂಟು ಕಟ್ಕೊಂಡು ಬರ್ತಾನೆ. ಹೋಟ್ಲಲ್ಲಿ ತಿನ್ನಲ್ಲ.”

“ನಿಮ್ಮ ಡಬ್ಬಿ ಥರಾನಾ ಯಜಮಾನ್ರೇ?”

ನಗು. ಏಕಾಂತಪ್ಪನವರೂ ನಕ್ಕುಬಿಟ್ಟರು. ಆಮೇಲೆ ನೋಡಬೇಕಿತ್ತು! ಮೈಕು ಬಾಯಿಗೆ ಒತ್ತಿಕೊಂಡು ನೀಲವ್ವ ಆದರು, ಮಾಧವ ಆದರು. ದೋಣಿ ತೂಗಾಡುವಾಗ ಪಂಚೆ ಎತ್ತಿ ಕಟ್ಟಿ ತಾವೂ ತೂಗಾಡಿದರು. ಮಾಧವ ಜೋಳದ ರೊಟ್ಟಿಯನ್ನು ಮೀನಿನ ಸಾರಿನಲ್ಲಿ ಅದ್ದಿ ತಿಂದು “ಇದು ಆಗ್ತದೆ ಮಾರಾಯ್ತಿ, ಬಹಳ ಚೆಂದ ಆಗ್ತದೆ!” ಎಂದದ್ದನ್ನು ಅವರು ಹೇಳಿದ ರೀತಿಗೆ ಒಬ್ಬ ಹುರಿದ ಕಡಲೆಯನ್ನೇ ಗಾಳಿಗೆ ತೂರಿದ. ಅರ್ಥವಾಗದವರಿಗೆ ಪಕ್ಕದವರು ತಮಿಳಿನಲ್ಲಿ ಹೇಳುತ್ತಿದ್ದರು, ಅವರ ಪಕ್ಕದವರು ತೆಲುಗಿನಲ್ಲಿ. ಒಂದು ನಗು ಮೂರು ಸಲ ಏಳುತ್ತಿತ್ತು.

“ಆಮೇಲೆ ಗೌಡನಿಗೆ ಗೊತ್ತಾಗುತ್ತೆ. ಮಗಳನ್ನ ಮುಂದೆ ನಿಲ್ಲಿಸಿ ಹೇಳ್ತಾನೆ: ನಿನ್ನ ಹೆಣ ಬೇಕಾದ್ರೆ ನೋಡ್ತೀನಿ, ಅವರ ಮನೆ ಹೊಸಲು...”

ನಿಂತುಹೋಯಿತು. ಈ ಮಾತು ಸಿನಿಮಾದಲ್ಲಿತ್ತೇ, ಇಲ್ಲ ತಮ್ಮ ಮನೆಯಲ್ಲಿತ್ತೇ? ಏಕಾಂತಪ್ಪನವರಿಗೆ ಆ ಕ್ಷಣ ಗೊತ್ತಾಗಲಿಲ್ಲ. ಬಾಲ್ಕನಿಯತ್ತ ನೋಡಿದರು. ಮಗಳು ಕಂಬಿ ಹಿಡಿದು ನಿಂತಿದ್ದಳು.

“ಕಲ್ಲು ಮನುಷ್ಯ!” ಎಂದಿತು ಮುಂದಿನ ಬೆಂಚು.

“ಆ ಗೌಡ ಕೈಗೆ ಸಿಗ್ಲಿ, ತೋರಿಸ್ತೀನಿ!”

ಏಕಾಂತಪ್ಪ ಮೈಕನ್ನು ಮತ್ತೆ ಬಾಯಿಗೆ ತಂದರು. “ಹಂಗಲ್ಲ ಕಣ್ರಪ್ಪಾ. ಅವನಿಗೂ ಸಂಕಟ ಇರುತ್ತೆ. ನೆಂಟರು, ಸಮಾಜ...”

ಹೆಂಗಸರ ಸಾಲಿನಿಂದ ಒಂದು ದಪ್ಪ ದನಿ ಅಡ್ಡ ಬಂತು. “ಸಂಕಟ ಇದ್ರೆ ಅವನು ಅಳ್ಲಿ ಸಾಮಿ! ಮಗಳ ಬಾಯಿ ಯಾಕೆ ಹೊಲೀತಾನೆ? ನೆಂಟರು ಬಂದು ಬಾಳ್ವೆ ಮಾಡ್ತಾರಾ?”

ಚಪ್ಪಾಳೆ ತಗಡಿನ ಚಾವಣಿಗೆ ಬಡಿಯಿತು. ಉತ್ತರಕ್ಕಾಗಿ ಏಕಾಂತಪ್ಪ ಹುಡುಕಿದರು. ವಿಭೂತಿಯ ಕೆಳಗೆ ಬೆವರು. ಅಂಗಡಿಯಲ್ಲಿ ಎಂಥ ಗಿರಾಕಿಗೂ ಮಾತು ಕೊಡುವ ಮನುಷ್ಯನಿಗೆ ಗೌಡನ ಪರವಾಗಿ ಒಂದು ಮಾತು ಹುಟ್ಟಲಿಲ್ಲ. ಒಂದೂ ಇರಲಿಲ್ಲ! ಸಾವಿರ ವರ್ಷದಿಂದ ಎಲ್ಲರೂ ಇದೆ ಎಂದುಕೊಂಡು ಬಂದದ್ದು, ಮೈಕು ಹಿಡಿದು ಹೇಳಹೊರಟರೆ ಇಲ್ಲವೇ ಇಲ್ಲ.

“ಇಲ್ಲ ತಾಯಿ,” ಎಂದರು ಕೊನೆಗೆ, ದನಿ ಒಡೆದು. “ಅವನು ಮಾಡಿದ್ದು ತಪ್ಪು. ಹುಡುಗೀನ ಬಸ್ಸು ಹತ್ತಿಸಿಬಿಡ್ತಾನೆ. ಹುಡುಗ ಕಂಬ ಹಿಡ್ಕೊಂಡು ನಿಂತಿರ್ತಾನೆ. ಬಸ್ಸು ಹೊರಡುತ್ತೆ. ನಾನು ನೋಡಿರೋದು ಅಷ್ಟೇ. ಮುಂದಿನದು ನನಗೂ ಗೊತ್ತಿಲ್ಲ. ಹಾಕ್ರಪ್ಪಾ, ಬೇಗ ಹಾಕ್ರಿ!”

ದೀಪ ಆರಿತು. ಅವರು ಮೇಲೆ ಹೋಗಲಿಲ್ಲ. ಮುಂದಿನ ಬೆಂಚಿನವರು ಸರಿದು ಜಾಗ ಕೊಟ್ಟರು, ಅಲ್ಲೇ ಕೂತರು.

ಬಸ್ಸು ಗೇಟು ದಾಟುತ್ತದೆ. ನಿಲ್ಲುತ್ತದೆ. ನೀಲವ್ವ ಇಳಿಯುತ್ತಾಳೆ! ಥಿಯೇಟರಿಗೆ ಥಿಯೇಟರೇ ಎದ್ದು ನಿಂತಿತು. ಬಸ್ಸು ನಿಲ್ಲಿಸಿದವನು ಗೌಡನೇ. ಡ್ರೈವರಿನ ಭುಜದ ಮೇಲೆ ಕೈಯಿಟ್ಟು ನಿಂತಿದ್ದಾನೆ. ಆಮೇಲೆ ಮಲ್ಪೆಯ ಜಗುಲಿ. ಗೌಡ ಗಂಟು ಬಿಚ್ಚಿ ರೊಟ್ಟಿ ತೆಗೆದು ಅರ್ಧ ಮುರಿದು ಮಾಧವನ ತಾಯಿಯ ಕೈಗೆ ಕೊಡುತ್ತಾನೆ. ಆಕೆ ಪಕ್ಕದಲ್ಲೇ ಕೂತು ತಿನ್ನುತ್ತಾಳೆ. ಮಾತಿಲ್ಲ, ಹಾಡಿಲ್ಲ; ಹಿಂದೆ ಸಮುದ್ರದ ಸದ್ದು.

ಅಷ್ಟೇ. ಒಂದು ಸಂಘ, ಒಂದು ಅರ್ಜಿ, ಅಷ್ಟೊಂದು ಸಹಿ, ನಡುರಸ್ತೆಯಲ್ಲಿ ದರೋಡೆ, ಎಲ್ಲವೂ ಈ ಅರ್ಧ ರೊಟ್ಟಿಗೆ. ಮೀನಿನ ಒಂದು ಮುಳ್ಳೂ ಆ ದೃಶ್ಯದಲ್ಲಿರಲಿಲ್ಲ.

ದೀಪ ಹತ್ತಿದಾಗ ಬಾಗಿಲಲ್ಲಿ ಧರ್ಮೇಂದ್ರ ನಿಂತಿದ್ದ. ಅಂಗಿಯ ತೋಳು ಹರಿದಿದೆ, ಮೊಣಕೈ ತರಚಿ ರಕ್ತ. ಸೌಂದರ್ಯ ಜನರನ್ನು ಸೀಳಿಕೊಂಡು ಓಡಿ, ಅವನ ಮೊಣಕೈಗೆ ಸೆರಗು ಒತ್ತಿದಳು. ಅಪ್ಪ ನೋಡುತ್ತಿದ್ದರು. ಅವಳು ಕೈ ತೆಗೆಯಲಿಲ್ಲ.

“ಅಪ್ಪಾಜಿ, ನಾನು ಹೇಳಿದ್ನಲ್ಲ, ಇವನೇ.”

“ರೀಲು ತರೋನಾ?”

“ನೀವು ಮೂರು ಸಲ ಅತ್ತಿದ್ದು ಇವನು ಹೊತ್ತು ತಂದ ರೀಲಿಗೇ.”

ಏಕಾಂತಪ್ಪ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಯಾರಪ್ಪ ಹೊಡೆದಿದ್ದು?”

“ಬಿಡಿ ಸಾರ್. ಬಿದ್ದೆ.”

“ಧರ್ಮ, ಸುಳ್ಳು ಹೇಳ್ಬೇಡ ಮಾರಾಯ. ನಮ್ಮಣ್ಣ ರೇಣುಕನಾ?” ಎಂದಳು ಸೌಂದರ್ಯ.

ಅವನು ಅವಳ ಮುಖ ತಪ್ಪಿಸಿ ಹರಿದ ತೋಳನ್ನು ಮಡಚತೊಡಗಿದ. ಅದೇ ಉತ್ತರವಾಯಿತು. ತನ್ನ ಮಗ ಕಿತ್ತುಕೊಂಡ ಕತೆಯನ್ನು ತಾನೇ ಬಾಯಲ್ಲಿ ಹೇಳಿ ತುಂಬಿಸಿಕೊಟ್ಟಿದ್ದು ಏಕಾಂತಪ್ಪನವರಿಗೆ ಆಗ ಹೊಳೆಯಿತು. ಆದರೂ ಹಳೆಯ ಮನುಷ್ಯ ಒಳಗಿಂದ ಒಮ್ಮೆ ಒದ್ದಾಡಿದ.

“ಸಿನಿಮಾ ಬೇರೆ, ಮನೆ ಬೇರೆ ಕಣಮ್ಮಾ.”

“ಈಗ ತಾನೇ ಮೈಕಲ್ಲಿ ‘ತಪ್ಪು’ ಅಂದ್ರಲ್ಲ ಯಜಮಾನ್ರೇ! ನಾವೆಲ್ಲ ಕೇಳಿದೀವಿ!” ಸುತ್ತ ನಿಂತಿದ್ದ ಜನ ಬಿಡಲಿಲ್ಲ.

ಗುಂಪಿನೊಳಗಿಂದ ಅದೇ ದಪ್ಪ ದನಿಯ ಹೆಂಗಸು ಮುಂದೆ ಬಂದಳು. ಮಗನ ತೋಳು ತಿರುಗಿಸಿ ಗಾಯ ನೋಡಿದಳು. “ಮೂಳೆ ಸರಿಯಾಗಿದೆ, ಸಾಯಲ್ಲ,” ಎಂದು ಏಕಾಂತಪ್ಪನವರತ್ತ ತಿರುಗಿದಳು. “ನಾನು ಯಲ್ಲಮ್ಮ. ಇವನ ತಾಯಿ. ಹೊಟ್ಟೇಲಿ ಏನೂ ಇಲ್ದೆ ಅಷ್ಟು ಹೊತ್ತು ಕೂಗಿದೀರಿ. ಬನ್ನಿ ಮನೆಗೆ. ಜಗಳ ಇದ್ರೆ ಉಂಡು ಆಡೋಣ.”

ಕಾರ್ಖಾನೆಯ ಹಿಂದಿನ ಸಾಲುಮನೆ. ಹೊಸಲಿನ ಮುಂದೆ ಏಕಾಂತಪ್ಪ ನಿಂತರು. ಸೌಂದರ್ಯ ಒಳಗಿನಿಂದ ನೋಡುತ್ತಿದ್ದಳು, ಕರೆಯಲಿಲ್ಲ. ಒಂದು ಕಾಲು ಎತ್ತಿ ಒಳಗಿಟ್ಟರು. ಆಕಾಶ ಬೀಳಲಿಲ್ಲ. ಚಾಪೆಯ ಮೇಲೆ ಕೂತು, ತಮ್ಮ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಚಪಾತಿ, ಬದನೆಕಾಯಿ ಪಲ್ಯ.

ಯಲ್ಲಮ್ಮ ಸೊಂಟಕ್ಕೆ ಕೈಯಿಟ್ಟು ನೋಡಿದಳು. “ನಿಮ್ಮ ಊಟ ನೀವೇ ಉಂಡ್ರೆ ನಮ್ಮನೆಗೆ ಯಾಕೆ ಬಂದಂಗಾಯ್ತು? ಬಸ್‌ಸ್ಟ್ಯಾಂಡಲ್ಲೂ ಉಣ್ಣಬಹುದಿತ್ತು!”

ಎಂದವಳೇ ಡಬ್ಬಿಯನ್ನು ಎತ್ತಿಕೊಂಡು ಎದುರಿಗೆ ಕೂತು, ಅವರ ಕಣ್ಣೆದುರೇ ಚಪಾತಿ ಮುರಿದು ಪಲ್ಯ ಸುತ್ತಿ ಬಾಯಿಗಿಟ್ಟಳು. “ಉಪ್ಪು ಕಮ್ಮಿ.”

“ನನ್ನ ಹೆಂಡ್ತಿ ಮಾಡಿದ್ದು,” ಎಂದರು ಏಕಾಂತಪ್ಪ.

“ಬಂದಾಗ ಹೇಳ್ತೀನಿ ಬಿಡಿ. ಲೇ ಧರ್ಮ, ನಿಮ್ಮ ಸಾಹೇಬ್ರಿಗೆ ತಟ್ಟೆ ಹಾಕು. ಹೆದರ್ಬೇಡಿ, ಇವತ್ತು ಮೀನು ಮಾಡಿಲ್ಲ. ಮಾಡಿದ್ರೆ ಮಾಡಿದೀನಿ ಅಂತಾನೇ ಹೇಳ್ತಿದ್ದೆ.”

ತಟ್ಟೆ ಬಂತು. ಮುದ್ದೆ, ಬಸ್ಸಾರು. ಡಬ್ಬಿ ಆಗಲೇ ಅರ್ಧ ಖಾಲಿ. ಏಕಾಂತಪ್ಪ ತಟ್ಟೆ ನೋಡಿದರು, ಡಬ್ಬಿ ನೋಡಿದರು, ಎದುರು ಕೂತು ತಮ್ಮ ಊಟ ಅಗಿಯುತ್ತಿದ್ದ ಹೆಂಗಸನ್ನು ನೋಡಿದರು. ಸಿನಿಮಾದ ಗೌಡ ತಾನಾಗಿ ಮುರಿದು ಕೊಟ್ಟಿದ್ದ. ಇಲ್ಲಿ ಕಿತ್ತುಕೊಂಡೇ ತಿನ್ನುತ್ತಿದ್ದಾರೆ! ಅವರಿಗೆ ನಗು ಬಂತು. ಮೊದಲು ಹೊಟ್ಟೆ ಕುಣಿಯಿತು, ಆಮೇಲೆ ಭುಜ, ಆಮೇಲೆ ಕಣ್ಣಲ್ಲಿ ನೀರು. ನಗುತ್ತಲೇ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿದರು.

ಸೌಂದರ್ಯ ಗೋಡೆಗೆ ಮುಖ ತಿರುಗಿಸಿಕೊಂಡಳು.

ಊಟವಾದ ಮೇಲೆ ಕೈ ಒರೆಸಿಕೊಳ್ಳುತ್ತ, “ಇಲ್ಲಿ ಎಸ್‌ಟಿಡಿ ಬೂತು ಎಲ್ಲಿದೆಯಪ್ಪ?” ಎಂದರು. ತಿರುವಿನಲ್ಲೇ ಇತ್ತು. ಗಾಜಿನ ಬಾಗಿಲು ಮುಚ್ಚಿಕೊಂಡರೂ ಅವರು ಪಂಪ್‌ಸೆಟ್ಟಿನ ಸದ್ದಿನ ನಡುವೆ ಮಾತಾಡಿ ರೂಢಿಯಾದ ಮನುಷ್ಯ, ಬೀದಿಗೆಲ್ಲ ಕೇಳಿಸಿತು.

“ಹಲೋ, ಚನ್ನಗಿರಿನಾ? ನಾಳೆ ಬರೋದು ಬೇಡ... ಹುಡುಗಿ ಒಪ್ಪಿಲ್ಲ... ಇಲ್ಲ ಸ್ವಾಮಿ, ಮೊದಲೇ ಒಪ್ಪಿರ್ಲಿಲ್ಲ, ನಾನೇ ಕೇಳಿಸ್ಕೊಂಡಿರ್ಲಿಲ್ಲ... ಹೌದು, ತಪ್ಪು ನಂದೇ.”

ಹೊರಗೆ ಬಂದವರೇ ಗಡಿಯಾರ ನೋಡಿದರು. “ಶಿವಮೊಗ್ಗದಲ್ಲಿ ಫಸ್ಟ್ ಶೋ ಎಷ್ಟಕ್ಕೆ ಧರ್ಮೇಂದ್ರ?”

“ಆರೂವರೆಗೆ ಸಾರ್.”

“ಮೊದಲರ್ಧದ ಜೊತೆ ಕೊನೇ ರೀಲೂ ತಗೋ. ಡಬ್ಬ ನನ್ನ ತೊಡೆ ಮೇಲಿರ್ಲಿ. ನಡಿ.”

ಸೌಂದರ್ಯಳಿಗೆ ಬಸ್ಸು ಸಿಕ್ಕಿತು. ಬಿಸಿಲು ಬಾಗುವ ಹೊತ್ತಿಗೆ ಕಿಟಕಿಯಿಂದ ಅವಳಿಗೆ ಕಂಡ ದೃಶ್ಯವನ್ನು ಯಾವ ಸಂಘಕ್ಕೂ ಕತ್ತರಿಸಲು ಬರುವುದಿಲ್ಲ: ಮುಂದೆ ಹರಿದ ಅಂಗಿಯ ಹುಡುಗ, ಹಿಂದೆ ಹಣೆ ತುಂಬ ವಿಭೂತಿಯ ಅಪ್ಪ, ಒಂದು ಕೈ ಹುಡುಗನ ಭುಜದ ಮೇಲೆ, ಇನ್ನೊಂದು ಕೈ ತಗಡಿನ ಡಬ್ಬದ ಸುತ್ತ. ಶಲ್ಯ ಬಾವುಟದ ಹಾಗೆ ಹಾರುತ್ತಿದೆ.

ಮಾಚೇನಹಳ್ಳಿಯಲ್ಲಿ ರಸ್ತೆಗೆ ಅಡ್ಡ ಬೈಕುಗಳು ನಿಂತಿದ್ದವು. ತಪ್ಪು ಡಬ್ಬ ಕಿತ್ತುಕೊಂಡದ್ದು ಗೊತ್ತಾಗಿ ರೇಣುಕಾಪ್ರಸಾದನ ಪಟಾಲಂ ಮತ್ತೆ ಕಾಯುತ್ತಿತ್ತು.

“ನಿಲ್ಸೋ! ಡಬ್ಬದಲ್ಲಿ ಏನಿದೆಯೋ ಬೋ...” ಎಂದು ಮುಂದೆ ನುಗ್ಗಿದವನ ಬಾಯಿ ಅಲ್ಲೇ ಹೆಪ್ಪುಗಟ್ಟಿತು. “ಅಪ್ಪಾಜಿ?”

ಏಕಾಂತಪ್ಪ ಇಳಿಯಲಿಲ್ಲ. ಡಬ್ಬವನ್ನು ಇನ್ನಷ್ಟು ಅವುಚಿಕೊಂಡರು.

“ನಿನ್ನ ತಂಗಿ ಮದುವೆ ಇದೆ ಇದ್ರಲ್ಲಿ. ದಾರಿ ಬಿಡು. ಮಧ್ಯಾಹ್ನ ಕಿತ್ಕೊಂಡಿದ್ದನ್ನೂ ಎತ್ಕೊಂಡು ಹಿಂದೆ ಬಾ, ಆರೂವರೆಗೆ ಆಟ!”

ಹಿಂದೆ ನಿಂತ ಬಸ್ಸಿನ ಡ್ರೈವರ್ ಹಾರನ್ ಒತ್ತಿದ. ಅದರ ಹಿಂದಿನ ಲಾರಿಯೂ ಒತ್ತಿತು. ಬೈಕುಗಳು ಒಂದೊಂದಾಗಿ ಬದಿಗೆ ಸರಿದವು.